ಕೀಬೋರ್ಡಿನ ಮುಂದೆ ಟೈಪಿಂಗ್ ಮೇಷ್ಟ್ರು

ನಮ್ಮ ಟೈಪಿಂಗ್ ಮೇಷ್ಟ್ರ ಎರಡೂ ಕಿರುಬೆರಳು ತುದಿಯಲ್ಲಿ ಒಳಕ್ಕೆ ಬಾಗಿದ್ದವು. ಉಗುರಿನ ಸಂದಿಯಲ್ಲಿ ರಿಬ್ಬನ್ನಿನ ಮಸಿ ಯಾವಾಗಲೂ ಇರುತ್ತಿತ್ತು. ಅದೇ ಕೈಯಲ್ಲಿ ಮಿರ್ಚಿ ಬಜ್ಜಿಯನ್ನೂ ತಿನ್ನುತ್ತಿದ್ದರು. ಕಂಪ್ಲಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅವರ ಆರು ಮಷೀನುಗಳಿದ್ದವು. ಕೀಲಿಗಳ ಮೇಲೆ ಬಟ್ಟೆ ಹೊದಿಸಿ, ಅದರ ಕೆಳಗೆ ಕೈ ತೂರಿಸಿ ಹೊಡೆಯಲು ಹೇಳುತ್ತಿದ್ದರು. ನಾವು ಬಟ್ಟೆ ಎತ್ತಿ ಇಣುಕಿದರೆ, "ತುತ್ತು ಬಾಯಿಗೆ ಒಯ್ಯೋವಾಗ ಕನ್ನಡಿ ಹಿಡ್ಕೊಂತೀಯೇನು?" ಎಂದು ಗದರುತ್ತಿದ್ದರು. ಒಂದು ಅಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ ಹೊಡೆಯಬೇಕು. ಅವರ ಹಾಳೆಯಲ್ಲಿ ತಪ್ಪು ಹುಡುಕಿ ಹುಡುಕಿ ನಾವೇ ಸೋತಿದ್ದೆವು.

ಇವತ್ತು ಹೊಸಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಬದುಕಿದ್ದೇನೆ ಎಂದರೆ ಅದು ಆ ಬಟ್ಟೆಯ ಕೆಳಗೆ ಕಲಿತದ್ದರಿಂದಲೇ. ಜೊತೆಗೆ ನನಗೊಂದು ಚಟ ಅಂಟಿಕೊಂಡಿತ್ತು: ಹೊಸ ಸಾಮಾನಿನ ಡಬ್ಬಿ ಬಿಚ್ಚಿ ವಿಡಿಯೋ ಹಾಕುವುದು.

ಕಣ್ಣು ತೋರಿಸಲು ಹೊಸಪೇಟೆಗೆ ಬಂದಿದ್ದ ಮೇಷ್ಟ್ರು ಒಂದು ಮಧ್ಯಾಹ್ನ ಅಂಗಡಿಗೆ ಬಂದಾಗ ನಾನು ಗೇಮಿಂಗ್ ಕೀಬೋರ್ಡೊಂದನ್ನು ಬಿಚ್ಚುತ್ತಿದ್ದೆ. ಫೋನು ಸ್ಟ್ಯಾಂಡಿನಲ್ಲಿ ರೆಕಾರ್ಡ್ ಆಗುತ್ತಲೇ ಇತ್ತು.

"ಬರ್ರಿ ಸರ್, ಕುಂದ್ರಿ" ಎಂದು ಪಕ್ಕದಲ್ಲೇ ಕೂರಿಸಿಕೊಂಡೆ.

ಹೆಣೆದ ವೈರು, ಕೀಲಿ ಕೀಳುವ ಚಿಮಟ, ಹೆಚ್ಚುವರಿ ಕೆಂಪು ಕೀಲಿಗಳು, ಪುಟ್ಟ ಬ್ರಷ್ಷು, ಮಣಿಕಟ್ಟಿಗೊಂದು ಮೆತ್ತನೆಯ ದಿಂಬು ಡಬ್ಬಿಯಿಂದ ಹೊರಬಂದವು. ಬ್ರಷ್ಷು ನೋಡಿ ಮೇಷ್ಟ್ರ ಮುಖ ಅರಳಿತು. "ಭೇಷ್! ಬ್ರಷ್ ಕೊಟ್ಟಾನಂದ್ರ ಇದನ್ನ ಮಾಡಿದಾಂವ ತಿಳಿದಾಂವ." ದಿಂಬನ್ನು ಮಾತ್ರ ವಾಪಸ್ ಡಬ್ಬಿಗೆ ಹಾಕಿದರು. "ಇದು ಬ್ಯಾಡ. ಮಣಿಕಟ್ಟು ಮಲಗಿದ್ರ ಬೆರಳೂ ಮಲಗ್ತಾವ." ಕಂಪ್ಯೂಟರಿಗೆ ಜೋಡಿಸಿದಾಗ ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ ಹತ್ತಿದ್ದೇ, "ಯವ್ವಾ, ದೀಪ ಹಚ್ಚಿ ತೋರಸ್ತಾರಲ್ಲ!" ಎಂದು ನಕ್ಕು ಅದರ ಮೇಲೆ ತಮ್ಮ ಕರವಸ್ತ್ರ ಹೊದಿಸಿದರು.

ಆಮೇಲೆ ಒಂದು ರಜೆ ಅರ್ಜಿಯನ್ನು ಇಂಗ್ಲಿಷಿನಲ್ಲಿ ಪಟಪಟನೆ ಹೊಡೆದರು. ಹಳೆಯ ಮಷೀನಿನಲ್ಲಿ ಸಾಲು ಮುಗಿದಾಗ ಎಡಗೈಯಿಂದ ಹಿಡಿಕೆ ತಳ್ಳಿ ಹೊಸ ಸಾಲಿಗೆ ಬರಬೇಕಿತ್ತು. ಇಲ್ಲಿ ಸಾಲು ತಾನೇ ತಿರುಗುತ್ತದೆ. ಆದರೂ ಪ್ರತಿ ಸಾಲಿನ ಕೊನೆಗೆ ಅವರ ಎಡಗೈ ಮೇಲೆದ್ದು, ಅಲ್ಲಿಲ್ಲದ ಹಿಡಿಕೆಯನ್ನು ಬಲಕ್ಕೆ ತಳ್ಳಿ ಬರುತ್ತಿತ್ತು. ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಸೆರಗು ಬಾಯಿಗಿಟ್ಟು ನಗು ತಡೆದುಕೊಂಡೆ.

ಹೊರಡುವಾಗ ಫೋನು ಅವರ ಕಣ್ಣಿಗೆ ಬಿತ್ತು. "ಇದನ್ನ ಮಂದಿಗೆ ತೋರಸ್ತೀಯೇನವ್ವಾ?"

"ಇಲ್ಲ ಸರ್, ಬರೇ ಡಬ್ಬಿ ಸಾಮಾನು ತೋರಸ್ತೀನಿ."

ಸುಳ್ಳುಬುರುಕಿ ನಾನು. ಕೀಬೋರ್ಡಿನ ವಿಡಿಯೋ ಯಾರೂ ನೋಡಲಿಲ್ಲ ಎಂಬ ಸಿಟ್ಟಿಗೆ, ಗಾಳಿ ತಳ್ಳುವ ಆ ಕೈಯನ್ನಷ್ಟೇ ಕತ್ತರಿಸಿ, ನಗುವಿನ ಸದ್ದು ಸೇರಿಸಿ ಹಾಕಿದೆ. ಸಂಡೂರು, ಮರಿಯಮ್ಮನಹಳ್ಳಿ, ಎಲ್ಲಾ ಕಡೆ ಓಡಾಡಿತು. ಕಂಪ್ಲಿಯ ಚಹಾದಂಗಡಿಯಲ್ಲಿ ಯಾರೋ ಅದನ್ನು ಮೇಷ್ಟ್ರಿಗೇ ತೋರಿಸಿ ನಕ್ಕರಂತೆ. ಅವರು ಫೋನ್ ಮಾಡಿದರು.

"ಅವ್ವಾ, ನನ್ನ ಟೈಪಿಂಗ್ ನೋಡಿ ಮಂದಿ ಭಾಳ ನಗಾಕತ್ಯಾರ. ಫೋನಿನ್ಯಾಗ ನನಗ ಅಷ್ಟು ಸಣ್ಣಕ್ಷರ ಕಾಣಂಗಿಲ್ಲ. ತಪ್ಪು ಹೊಡೆದೀನೇನು?"

ಕೊಟ್ಟ ಮಾತು ಮುರಿದದ್ದಕ್ಕೆ ಒಂದು ಬೈಗುಳವಿಲ್ಲ. ಇದ್ದದ್ದನ್ನೇ ಹೇಳಿ ತಪ್ಪಿಲ್ಲ ಎಂದರೆ, ಮತ್ತೇಕೆ ನಗುತ್ತಾರೆ ಎಂದು ಕೇಳುತ್ತಾರೆ. ನಾನು ಮಾಡಿದ ಹಲ್ಕಾ ಕೆಲಸವನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

"ಹೂಂ ಸರ್, ಒಂದೆರಡು ಅಕ್ಷರ ತಪ್ಪ್ಯಾವ" ಎಂದುಬಿಟ್ಟೆ.

"ಹಂಗಾದ್ರ ಅವರು ನಗೋದು ಖರೇನ ಐತಿ ಬಿಡು" ಎಂದು ಫೋನಿಟ್ಟರು.

ವಿಡಿಯೋ ತೆಗೆದುಹಾಕಿದೆ. ಹೋಗಿ ಕಾಲು ಹಿಡಿಯಬೇಕೆಂದುಕೊಂಡೆ. ಇವತ್ತು ಮದುವೆ ಪತ್ರಿಕೆಯ ಅವಸರ, ನಾಳೆ ಕರೆಂಟಿಲ್ಲ, ನೆಪಗಳಿಗೇನು ಬರ! ಕಂಪ್ಲಿ ಬಸ್ಸು ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮೇಷ್ಟ್ರು ತೀರಿಕೊಂಡರು.

ದಿವಸದ ಕಾರ್ಯಕ್ಕೆ ಹೋದಾಗ ಅವರ ಹೆಂಡತಿ ಒಂದು ಕಟ್ಟು ಹಾಳೆ ತಂದು ನನ್ನ ಕೈಗಿಟ್ಟರು. "ನಿನ್ನ ಕೂಡ ಫೋನಿನ್ಯಾಗ ಮಾತಾಡಿದ ಮ್ಯಾಲೆ ದಿನಾ ಬೆಳಿಗ್ಗೆ ಕುಂತು ಇದನ್ನ ಹೊಡೀತಿದ್ರು. ಆಕಿ ನೋಡಿ ತಪ್ಪಿಲ್ಲ ಅನ್ಬೇಕು ಅಂತಿದ್ರು."

ಎಲ್ಲವೂ ಅದೇ ರಜೆ ಅರ್ಜಿ. ಜಗಲಿಯ ಮೇಲೆ ಕುಳಿತು ಒಂದೊಂದೇ ಅಕ್ಷರ ಓದಿದೆ.

"ಹೆಂಗೈತವ್ವಾ?" ಎಂದು ಕೇಳಿದರು.

"ಒಂದೂ ತಪ್ಪಿಲ್ಲ" ಎಂದೆ. ಅವತ್ತೂ ಇರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.