ಬಟ್ಟೆಗೆ ವಯಸ್ಸು ತುಂಬುತ್ತಿದ್ದ ಅಕ್ಕ

ಅವರ ಹತ್ತೂ ಉಗುರುಗಳು ಟೀ ಬಣ್ಣಕ್ಕೆ ತಿರುಗಿದ್ದವು. ಹೊಸ ಪಂಚೆಯನ್ನು ಟೀ ಸೊಪ್ಪು ಕುದಿಸಿದ ನೀರಿನಲ್ಲಿ ಅದ್ದಿ, ಮೊಣಕಾಲು ಬರುವ ಜಾಗವನ್ನು ಇಟ್ಟಿಗೆ ಚೂರಿನಿಂದ ಉಜ್ಜಿ, ಅಂಚಿನ ನೂಲನ್ನು ಆ ಉಗುರುಗಳಿಂದಲೇ ಬಿಡಿಸುತ್ತಿದ್ದರು. ಸಂಜೆಗೆ ಅದು ಹತ್ತು ವರ್ಷ ಉಟ್ಟ ಪಂಚೆ. ಸಿನಿಮಾದವರಿಗೆ ಬಡವರ ಬಟ್ಟೆ ಬೇಕಾದಾಗಲೆಲ್ಲ ಹೊಸದುರ್ಗದ ಈ ಡ್ರೆಸ್ಸಕ್ಕನಿಗೆ ಫೋನು ಬರುತ್ತಿತ್ತು.

ಅವರ ಅಂಗಡಿ ನಮ್ಮ ಮನೆಯ ಎದುರಿಗಿತ್ತು. ಹಳ್ಳಿಯ ನಾಟಕಗಳಿಗೆ ರಾಜರ ಉಡುಪನ್ನು ತಾವೇ ಹೊಲಿದು ಬಾಡಿಗೆಗೆ ಕೊಡುತ್ತಿದ್ದರು. ಅವರ ಜರಿ ಕೆಲಸ ನೋಡಲೆಂದೇ ಜನ ನಿಲ್ಲುತ್ತಿದ್ದರು. ಸಿನಿಮಾದವರು ಮಾತ್ರ ಅತ್ತ ಕಣ್ಣು ಹಾಯಿಸಲಿಲ್ಲ. ಇಪ್ಪತ್ತು ವರ್ಷ ಬರೀ ಹರಕಲು. ಒಮ್ಮೆ ರಾಜರ ಕಥೆಯ ಸಿನಿಮಾಕ್ಕೆ ಕರೆ ಬಂತು. ಅಕ್ಕ ಮೂರು ರಾಜಾಂಗಿಗಳನ್ನು ಹೊಲಿದು, ಚೀಲದಲ್ಲಿಟ್ಟುಕೊಂಡು ಚಿತ್ರದುರ್ಗಕ್ಕೆ ಹೋದರು. ಸಿನಿಮಾದವರಿಗೆ ಬೇಕಾಗಿದ್ದುದು ಕೋಟೆ ಬಾಗಿಲಲ್ಲಿ ಕೂರುವ ಭಿಕ್ಷುಕರ ಬಟ್ಟೆ. ಚೀಲ ಬಿಚ್ಚದೆ ವಾಪಸ್ಸು ಬಂದರು.

"ಬಾಯಿ ಬಿಟ್ಟು ಕೇಳ್ಬಾರದಿತ್ತಾ ಅಕ್ಕ?" ಎಂದೆ.

"ಕೇಳಿ, ಇದೂ ಹೋದ್ರೆ?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆಲ್ಲುತ್ತಿದ್ದ ದಿನಗಳವು. ಇಷ್ಟು ದುರ್ಬಲ ವಾದವನ್ನು ಸುಮ್ಮನೆ ಬಿಡುವುದು ನನ್ನಿಂದಾಗುತ್ತಿರಲಿಲ್ಲ. "ನಿಮ್ಮಂಗೆ ಹರಕಲು ಮಾಡೋರು ಇನ್ನೊಬ್ರಿಲ್ಲ. ಹಂಗಾದ್ರೆ ಹೆದರಬೇಕಾದೋರು ಅವ್ರು, ನೀವಲ್ಲ. ರಾಜನ ಬಟ್ಟೆ ಹೊಲಿಯೋಕೆ ಕೊಟ್ರಷ್ಟೇ ಭಿಕ್ಷುಕನ ಬಟ್ಟೆ ಮಾಡ್ತೀನಿ ಅನ್ರಿ."

"ನಿನ್ ಬಾಯಿಗೊಂದು ಹುಕ್ಸ್ ಹಾಕ್ಬೇಕು ಕಣೇ," ಎಂದು ನಕ್ಕರು.

ಮೂರು ದಿನ ವಾದಿಸಿದೆ. ನಾಲ್ಕನೆಯ ದಿನ ಫೋನು ಬಂತು. ಐಮಂಗಲದ ಹತ್ತಿರ ಶೂಟಿಂಗು, ಕುರಿ ಕಾಯುವವರ ಕಥೆ, ಹಳೆಯದಾಗಿ ಕಾಣುವ ಕಂಬಳಿಗಳು ಬೇಕು. ಅಕ್ಕ ನನ್ನ ಮುಖ ನೋಡುತ್ತಾ ನನ್ನ ವಾಕ್ಯವನ್ನೇ ಒಪ್ಪಿಸಿದರು. ಅತ್ತ ಕಡೆಯಿಂದ ಮ್ಯಾನೇಜರು, "ಆಯ್ತಮ್ಮ, ನೋಡೋಣ," ಎಂದ.

ಆಮೇಲೆ ಸಿನಿಮಾದವರ ಫೋನು ಬರಲೇ ಇಲ್ಲ. ದಿನಾ ಬೆಳಿಗ್ಗೆ ಅಕ್ಕ ಮೊಬೈಲನ್ನು ಹೊಲಿಗೆ ಮಿಷನ್ನಿನ ಮೇಲೆ, ಕೈಗೆ ಸಿಗುವಂತೆ ಇಟ್ಟುಕೊಳ್ಳುತ್ತಿದ್ದರು. ಅಂಗಡಿ ಬಿಟ್ಟು ಅತ್ತಿತ್ತ ಹೋಗುವುದನ್ನೂ ನಿಲ್ಲಿಸಿದರು. ಒಂದು ದಿನ ನಾನು ಬಾಗಿಲಲ್ಲಿ ನಿಂತಿದ್ದಾಗ ಅವರೇ ಅಂದರು: "ವಾದ ನಿಂದೇ ಸರಿ ಐತೆ ಬಿಡು. ಫೋನಿಗೆ ಅದು ಗೊತ್ತಿಲ್ಲ."

ಅವರಿಗೆ ತಿಳಿಯದಂತೆ ಮ್ಯಾನೇಜರಿಗೆ ನಾನೇ ಫೋನು ಮಾಡಿ, ತಪ್ಪು ನನ್ನದು ಎಂದೆ. "ಒಳ್ಳೆ ಕೈ ಅವ್ರದು," ಎಂದ ಆತ. "ಆದ್ರೆ ಈಗ ಬಟ್ಟೆ ಹಳೇದು ಮಾಡೋಕೆ ಫ್ಯಾಕ್ಟರಿನೇ ಇದೆ ಮೇಡಂ."

ಫ್ಯಾಕ್ಟರಿ ಹೇಗೂ ಬರುತ್ತಿತ್ತು, ನನ್ನ ಮಾತಿನಿಂದ ಏನೂ ಕೆಡಲಿಲ್ಲ ಎಂದು ವಾದಿಸಬಹುದು. ಯಾವ ಕಡೆ ನಿಂತರೂ ವಾದಿಸಲು ಕಲಿತವಳು ನಾನು. ಇದೊಂದನ್ನು ವಾದಿಸುವುದಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ ಆ ಚೀಲ ಸಿಕ್ಕಿತು. ಮೂರೂ ರಾಜಾಂಗಿಗಳ ಕೊರಳಪಟ್ಟಿ ಟೀ ಬಣ್ಣಕ್ಕೆ ತಿರುಗಿತ್ತು, ತೋಳಿನ ತುದಿಯ ಜರಿ ಸವೆದಿತ್ತು. ಯಾರೂ ಒಂದು ದಿನವೂ ತೊಡದ ಅಂಗಿಗಳು. ಬಹಳ ಕಾಲ ಆಳಿದವನೊಬ್ಬ ಈಗಷ್ಟೇ ಬಿಚ್ಚಿಟ್ಟು ಹೋದಂತಿದ್ದವು.