ಗರಡಿಯ ಮಣ್ಣು

ದೇವಣಗಾಂವದ ಗರಡಿಗೆ ಹುಡುಗರು ಬರುವುದು ನಿಂತು ವರ್ಷಗಳೇ ಆಗಿದ್ದವು. ಆದರೂ ಕುಸ್ತಿ ಕಲಿಸುವ ವಸ್ತಾದ ಬಾಬುಲಾಲ ದಿನಾ ನಸುಕಿನಲ್ಲಿ ಅಖಾಡದ ಕೆಂಪು ಮಣ್ಣನ್ನು ಸಲಿಕೆಯಿಂದ ಕೆದರಿ, ಎಣ್ಣೆ, ಮಜ್ಜಿಗೆ ಬೆರೆಸಿ ಮೆತ್ತಗಿಡುತ್ತಿದ್ದ. ಇಂದಲ್ಲ ನಾಳೆ ಒಬ್ಬನಾದರೂ ಬಂದಾನು, ಬಿದ್ದರೆ ಅವನಿಗೆ ಪೆಟ್ಟಾಗಬಾರದು ಎಂಬುದೇ ಅವನ ಚಿಂತೆ.

ಒಂದು ಮುಂಜಾನೆ ಓಣಿಯ ಸರ್ಫರಾಜ ಗೆಳೆಯರೊಂದಿಗೆ ಬಾಗಿಲಿಗೆ ಬಂದ. ಬಾಬುಲಾಲನ ಮುಖ ಅರಳಿತು.

"ಬರ್ರಿ ಬರ್ರಿ ಪೈಲ್ವಾನ್ರ! ಲಂಗೋಟಿ ತಂದೀರೇನ್ರೋ?"

"ಕುಸ್ತಿಗಲ್ಲ ಕಾಕಾ, ಕ್ರಿಕೆಟ್ ಪಿಚ್ಚಿಗೆ ಮಣ್ಣು ಬೇಕಾಗೈತಿ. ಇಲ್ಲಿ ಸುಮ್ನ ಬಿದ್ದೈತಲ್ರಿ."

ಬಾಬುಲಾಲ ಅಖಾಡದ ಮಣ್ಣನ್ನೊಮ್ಮೆ ತಿರುಗಿ ನೋಡಿದ. ಅಲ್ಲಾದರೂ ಹುಡುಗರ ಕಾಲಿಗೆ ಸಿಗಲಿ ಎನಿಸಿತು.

"ಒಯ್ಯಿರಿ. ಚಪ್ಪಲಿ ಕಳದು ಒಳಗ ಬರ್ರಿ, ಅಷ್ಟ."

ಮರುವಾರ ಅವನು ಮೈದಾನಕ್ಕೆ ಹೋದಾಗ ಆಟಗಾರರು ಬೇವಿನ ನೆರಳಲ್ಲಿ ನೀರು ಕುಡಿಯುತ್ತಿದ್ದರು. ಚಪ್ಪಲಿ ಕಳಚಿಟ್ಟು, ಅಖಾಡಕ್ಕೆ ಇಳಿಯುವಾಗ ಮಾಡುತ್ತಿದ್ದಂತೆ ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಳ್ಳಲು ಬಾಗಿದ. ರೋಲರ್ ಉರುಳಿಸಿದ ಮಣ್ಣು ಕಲ್ಲಾಗಿತ್ತು. ಉಗುರಿಗೆ ಏನೂ ಬರಲಿಲ್ಲ.

"ಕಾಕಾ, ಪಿಚ್ ಕೆದರಬ್ಯಾಡ್ರಿ!" ಎಂದು ಸರ್ಫರಾಜ ಅಲ್ಲಿಂದಲೇ ಕೂಗಿದ.

"ಇಲ್ಲಪಾ, ಕೆದರೂದಿಲ್ಲ" ಎಂದ ಬಾಬುಲಾಲ ಬರಿ ಬೆರಳನ್ನೇ ಹಣೆಗೆ ಮುಟ್ಟಿಸಿಕೊಂಡು ಎದ್ದ.