ಗಾಜಿನೊಳಗಿನವನ ಸೂತಕ

ಟಕ್. ಗಾಜಿನ ಪೆಟ್ಟಿಗೆಯ ದೀಪ ಹೊತ್ತಿಕೊಂಡಿತು. ಯಾರಾದರೂ ಹತ್ತಿರ ಬಂದರೆ ಮಾತ್ರ ಅದು ಹೊತ್ತುವುದು. ಬೆಳಕು ಹೆಚ್ಚಾದರೆ ಒಳಗೆ ಮಲಗಿದವನ ಚರ್ಮ ಕೆಡುತ್ತದೆ. ಯುರೋಪಿನ ಯಾವುದೋ ಜೌಗಿನಲ್ಲಿ ಎರಡು ಸಾವಿರ ವರ್ಷ ಹುದುಗಿದ್ದವನು, ಕೆಲವು ತಿಂಗಳ ಮಟ್ಟಿಗೆ ಮೆಲ್ಬರ್ನಿನ ಮ್ಯೂಸಿಯಂಗೆ ಬಂದಿದ್ದಾನೆ. ಮೈ ಹದಮಾಡಿದ ತೊಗಲಿನಂತೆ ಕಪ್ಪಾಗಿದೆ. ಗಲ್ಲದ ಕುರುಚಲು ಗಡ್ಡ ಮಾತ್ರ ನಿನ್ನೆ ಬೆಳೆದಂತಿದೆ.

ಉಡುಪಿ ಕಡೆಯ ರಾಜೀವಿಗೆ ಅವನ ಪಕ್ಕ ನಿಂತು ಕಾಯುವ ಕೆಲಸ. ಫ್ಲ್ಯಾಶ್ ಹಾಕಬೇಡಿ, ಗಾಜಿಗೆ ಒರಗಬೇಡಿ ಎನ್ನಬೇಕು. ಪೆಟ್ಟಿಗೆಯೊಳಗಿನ ತೇವ ನೋಡಿಕೊಳ್ಳುವ ಬೆಂಗಳೂರಿನ ನಿಹಾರಿಕಾಳನ್ನು ರಾಜೀವಿ ಒಮ್ಮೆ ಕೇಳಿದ್ದಳು, ಇದು ಹೆಣವೋ ವಸ್ತುವೋ ಎಂದು. ಲೆಕ್ಕಕ್ಕೆ ವಸ್ತುವೇ, ಆದರೆ ಪೆಟ್ಟಿಗೆ ತೆರೆದಾಗ ತಾವು ಯಾರೂ ಜೋರಾಗಿ ಮಾತಾಡುವುದಿಲ್ಲ ಎಂದಿದ್ದಳು ಆ ಹುಡುಗಿ. ರಾಜೀವಿಯ ಗೊಂದಲ ಇನ್ನಷ್ಟು ಹೆಚ್ಚಿತು. ಯಾವುದಕ್ಕೂ ಇರಲಿ ಎಂದು, ದಿನವೂ ಕ್ರಾನ್‌ಬರ್ನ್‌ನ ಮನೆ ಸೇರಿದೊಡನೆ ತಲೆಗೆ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡುತ್ತಿದ್ದಳು.

ಆ ಸಂಜೆ ಮರೆತಳು. ತೀರಿಹೋದವರಿಗೆ ತುಳುವರ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವ ದಿನ ಅದು. ಕಳೆದ ವರ್ಷ ಹೋದ ಅಮ್ಮನಿಗೆ ಮೊದಲ ಎಲೆ. ಅವಸರದಲ್ಲಿ ಸೀದಾ ಒಲೆಯ ಮುಂದೆ ನಿಂತವಳಿಗೆ, ಕೋಳಿಸಾರು ಇಳಿಸುವಾಗ ಸ್ನಾನದ ನೆನಪಾಯಿತು. ಈ ಸಾರನ್ನು ಅಮ್ಮನಿಗೆ ಬಡಿಸಬಹುದೇ? ಸಿಡ್ನಿಯ ರೌಸ್ ಹಿಲ್‌ನಲ್ಲಿದ್ದ ತಂಗಿ ದೀಕ್ಷಿತಾಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

"ಎರಡು ಸಾವಿರ ವರ್ಷ ಆದ ಮೇಲೆ ಯಾವ ಸೂತಕ ಮಾರಾಯ್ತಿ?" ಎಂದ ಗಂಡ ತನಿಯಪ್ಪ.

"ಹೆಣಕ್ಕೆ ಎಕ್ಸ್‌ಪೈರಿ ಡೇಟ್ ಉಂಟಾ ಭಾವ?" ಎಂದಳು ದೀಕ್ಷಿತಾ. ಸಾರು ಚೆಲ್ಲಿ, ಸ್ನಾನ ಮಾಡಿ, ಹೊಸದಾಗಿ ಮಾಡಬೇಕು ಎನ್ನುವುದು ಅವಳ ವಾದ. ಇನ್ನೊಂದು ಕೋಳಿಗೆ ಈಗ ಎಲ್ಲಿಗೆ ಹೋಗುವುದು, ಅತ್ತೆಯನ್ನು ಹಸಿವಿನಲ್ಲಿ ಕೂರಿಸುವುದೇ ಎಂದು ತನಿಯಪ್ಪ ತಿರುಗಿಬಿದ್ದ.

ರಾಜೀವಿ ಸೌಟು ಹಿಡಿದೇ ನಿಂತಿದ್ದಳು. ವೀಸಾದ ತೊಡಕಿನಿಂದ ಊರಿಗೆ ಹೋಗಲಾಗದೆ, ತೀರಿಹೋದ ಅಮ್ಮನ ಮುಖವನ್ನು ಅವಳು ಕೊನೆಗೆ ಕಂಡದ್ದು ವಿಡಿಯೋ ಕಾಲ್‌ನಲ್ಲಿ.

"ಅಮ್ಮನ ಮುಖ ಫೋನಲ್ಲಿ ನೋಡಿದ ದಿನ ನಾನು ಸ್ನಾನ ಮಾಡಿದ್ನಾ?" ಎಂದು ಕೇಳಿದಳು. "ನಂಗೆ ನೆನಪೇ ಇಲ್ಲ."

ತನಿಯಪ್ಪ ಗಂಟಲು ಸರಿಮಾಡಿಕೊಂಡು, "ಅದು ಹಾಗಲ್ಲ, ಫೋನಲ್ಲಿ ನೋಡುದು ಬೇರೆ, ಗಾಜಿನ ಆಚೆ..." ಎಂದು ವಿವರಿಸತೊಡಗಿದ. ರಾಜೀವಿ ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದೆತ್ತಿ, ಎಲೆ ಹಾಕಿದ್ದ ಕೋಣೆಯ ಕಡೆ ನಡೆದೇಬಿಟ್ಟಳು.